ಸೊಂಟದಲ್ಲೊಂದು ಸಿಡಿಲು: ಪಿಸ್ತೂಲು ಕೊಂಡ ಮೊದಲ ಅನಿಸಿಕೆಗಳು

ತುಂಬಾ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದಿದ್ದೆ. ಇಲ್ಲಿ ನಾನು ಬರೆಯೋದು ಮಳೆ, ಕಬ್ಬಿನ ಬಿಲ್ಲು, ಓದಿದ ಪುಸ್ತಕ, ಅವ್ವನ ಪುಂಡಿಪಲ್ಲೆ... ಇಂಥವೇ. ಇದ್ದಕ್ಕಿದ್ದ ಹಾಗೆ ಪಿಸ್ತೂಲಿನ ಬಗ್ಗೆ ಬರೆದರೆ ನೀವೆಲ್ಲ ಏನಂದುಕೊಳ್ಳುತ್ತೀರೋ ಅನ್ನೋ ಅಳುಕು. ಆದರೂ ಬರೀತಿದ್ದೇನೆ. ಯಾಕಂದ್ರೆ ನಾನು ಅದನ್ನು ಕೊಳ್ಳೋ ಮೊದಲು ಕನ್ನಡದಲ್ಲಿ ಇಂಥದ್ದೊಂದು ಬರಹ ಹುಡುಕಿದ್ದೆ, ಸಿಗಲಿಲ್ಲ. ಸಿಕ್ಕಿದ್ದೆಲ್ಲ ಅಮೆರಿಕದವರ ಇಂಗ್ಲಿಷ್ ಬರಹಗಳು. ಯಾವುದು ಹಗುರ, ಯಾವುದು ಅಂಗಿಯೊಳಗೆ ಕಾಣೋದಿಲ್ಲ, ಯಾವುದರ ಒದೆತ ಕಡಿಮೆ ಅಂತ. ಅದೆಲ್ಲ ಸರಿ. ಆದರೆ ಕರೋಶಿಯಂಥ ಊರಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಓಡಾಡಿದರೆ ಏನಾಗುತ್ತೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು?

ಮೊದಲು, ಯಾಕೆ ಕೊಂಡೆ ಅಂತ ಹೇಳಿಬಿಡ್ತೀನಿ.

ಚಿಕ್ಕೋಡಿಯಲ್ಲಿ ನನ್ನದೊಂದು ಗೊಬ್ಬರ, ಬೀಜ, ಔಷಧಿ ಅಂಗಡಿ. ಮನೆ ಕರೋಶಿಯಲ್ಲಿ. ಹಂಗಾಮಿನಲ್ಲಿ ಅಂಗಡಿ ಮುಚ್ಚೋದು ರಾತ್ರಿ ಒಂಬತ್ತಾಗುತ್ತೆ. ದಿನದ ಗಲ್ಲಾ ಚೀಲಕ್ಕೆ ತುಂಬಿ, ಬೈಕ್ ಮೇಲೆ ಊರಿಗೆ. 2022ರಲ್ಲಿ ಹಾಗೆ ಬರುವಾಗ ಎರಡೂ ಕಡೆ ಆಳೆತ್ತರ ಕಬ್ಬು ಇದ್ದ ಕಡೆ ಇಬ್ಬರು ಗಾಡಿ ಅಡ್ಡ ಹಾಕಿದರು. ಒಬ್ಬನ ಕೈಯಲ್ಲಿ ಕುಡಗೋಲು. ಚೀಲ ಹೋಯ್ತು, ಫೋನ್ ಹೋಯ್ತು. ನನಗೆ ಒಂದು ಗೀರೂ ಆಗಲಿಲ್ಲ. ಆದರೆ ಅವತ್ತಿನಿಂದ ಆ ತಿರುವು ಬಂದರೆ ಸಾಕು, ಕೈ ಬೆವರಿ ಎಕ್ಸಲೇಟರ್ ಜಾರುತ್ತಿತ್ತು. ಮುಂದೆ 2023ರ ಜುಲೈನಲ್ಲಿ ನಮ್ಮ ತಾಲ್ಲೂಕಿನ ಹಿರೇಕೋಡಿ ಆಶ್ರಮದ ಜೈನ ಮುನಿ ಕಾಮಕುಮಾರ ನಂದಿ ಮಹಾರಾಜರ ಕೊಲೆ ಆದಾಗ ಇಡೀ ಸೀಮೆಯೇ ನಡುಗಿತ್ತು. ಇರುವೆಯನ್ನೂ ತುಳಿಯದ ಮುನಿಗೇ ಹೀಗಾದರೆ ನಮ್ಮ ಗತಿ ಏನು ಅನ್ನೋ ಮಾತು ಪ್ರತಿ ಕಟ್ಟೆಯ ಮೇಲೂ ಇತ್ತು. ಅಷ್ಟರಲ್ಲಿ ನನ್ನ ಅರ್ಜಿ ಹೋಗಿ ಆಗಿತ್ತು.

ಲೈಸೆನ್ಸ್ ಅಂದರೆ ಬೈಕಿನ ಲೈಸೆನ್ಸ್ ಇದ್ದ ಹಾಗಲ್ಲ ಮತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಜಿಲ್ಲೆಯಲ್ಲಿ ಲೈಸೆನ್ಸ್ ಕೊಡೋರು ಜಿಲ್ಲಾ ದಂಡಾಧಿಕಾರಿ, ಅಂದರೆ ಡಿ.ಸಿ. ಸಾಹೇಬರು. ಪೊಲೀಸ್ ವರದಿ ಬರಬೇಕು, ಆರೋಗ್ಯದ ಪ್ರಮಾಣಪತ್ರ ಬೇಕು, ಬಂದೂಕು ಸುರಕ್ಷಿತವಾಗಿ ಹಿಡಿಯೋದು ಕಲಿತ ಸರ್ಟಿಫಿಕೇಟ್ ಬೇಕು. "ನಿನಗ್ಯಾಕೆ ಬೇಕು?" ಅನ್ನೋ ಪ್ರಶ್ನೆಗೆ ಉತ್ತರ ಬೇಕು. ನಮ್ಮ ದೇಶದಲ್ಲಿ ಪಿಸ್ತೂಲು ಹಕ್ಕಲ್ಲ, ಪರವಾನಗಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. (ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ, ನನ್ನ ಕೈಗೆ ಪಿಸ್ತೂಲು ಬಂದ ವಾರಕ್ಕೇ ಸೋದರಮಾವನ ಮಗ "ನನ್ನ ಮದವಿಗಿ ಎರಡ ಢಂ ಅನಿಸಬೇಕ ನೋಡ ಮಾಮಾ" ಅಂದಿದ್ದ!)

ಅಂತೂ 2024ರ ಜನವರಿಯಲ್ಲಿ ಪಿಸ್ತೂಲು ಮನೆಗೆ ಬಂತು. ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ಬೋರ್. ಅದರ ಹೆಸರು 'ಅಶನಿ'. ಸಂಸ್ಕೃತದಲ್ಲಿ ಸಿಡಿಲು ಅಂತ ಅರ್ಥ. ನಮ್ಮಲ್ಲಿ 9 ಎಂ.ಎಂ. ಸಾಮಾನ್ಯ ಜನಕ್ಕೆ ನಿಷೇಧ. ವಿದೇಶದಿಂದ ತರಿಸೋದು 1980ರ ದಶಕದಿಂದಲೇ ಬಂದ್. ಹಾಗಾಗಿ ನಮ್ಮಂಥವರ ಪಾಲಿಗೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ ಮಾಲೇ ಗತಿ. ಇಷ್ಟಕ್ಕೇ ಹಳೇ ಟ್ರೇಲರ್ ಒಂದು ಬರುವಷ್ಟು ದುಡ್ಡು ಹೋಯ್ತು. 2014ರಲ್ಲಿ ಕಾನಪುರದಿಂದ 'ನಿರ್ಭೀಕ್' ಅನ್ನೋ ರಿವಾಲ್ವರ್ ಬಂದಿದ್ದು ನಿಮಗೆ ನೆನಪಿರಬಹುದು. ಹೆಣ್ಣುಮಕ್ಕಳ ಕೈಚೀಲದಲ್ಲಿ ಹಿಡಿಸಲಿ ಅಂತ ಮಾಡಿದ್ದು, ಸುಮಾರು ಅರ್ಧ ಕೆ.ಜಿ. ತೂಕ, ಬೆಲೆ 1 ಲಕ್ಷ 22 ಸಾವಿರದ ಮೇಲೆ! ಕಬ್ಬು ಕಡಿಯೋಕೆ ನಸುಕಿನಲ್ಲಿ ಎದ್ದು ಹೋಗುವ ಯಾವ ಹೆಣ್ಣುಮಗಳು ಅಷ್ಟು ಕೊಟ್ಟು ನಿರ್ಭಯಳಾಗಬೇಕು? ಆಗ ಅದನ್ನು ಓದಿ ನಕ್ಕಿದ್ದೆ. ಹತ್ತು ವರ್ಷದ ಮೇಲೆ ನಾನೇ ಅಂಥದ್ದರ ಗಿರಾಕಿ ಆದೆ.

ಮೊದಲ ಅನಿಸಿಕೆ: ಇಷ್ಟು ಸಣ್ಣದಾ? ಸಿನಿಮಾದಲ್ಲಿ ನೋಡಿ ನೋಡಿ ದೊಡ್ಡದು ಅಂದುಕೊಂಡಿದ್ದೆ. ಅಂಗೈ ಅಗಲಿಸಿದರೆ ಹೆಚ್ಚೂ ಕಡಿಮೆ ಅದರೊಳಗೇ ಕೂರುತ್ತೆ. ಎರಡನೇ ಅನಿಸಿಕೆ: ಇಷ್ಟು ಭಾರವಾ? ಸಣ್ಣ ವಸ್ತು ಇಷ್ಟು ತೂಗಿದರೆ ಕೈಗೆ ಏನೋ ಮೋಸ ಆದ ಹಾಗೆ ಅನ್ನಿಸುತ್ತೆ. ಮೂರನೆಯದು: ತಣ್ಣಗಿದೆ.

ನಮ್ಮ ಕಡೆ ಸೈನ್ಯದಿಂದ ನಿವೃತ್ತಿ ಆಗಿ ಬಂದವರು ಬಹಳ. ಅಂಥವರೊಬ್ಬ ಹವಾಲ್ದಾರ್ ಕಾಕಾ ನನಗೆ ಗುರು. ಮೊದಲ ದಿನ ಅವರು ಹೇಳಿದ ಮಾತು: "ಮ್ಯಾಗಜೀನ್ ತಗದ್ರ ಖಾಲಿ ಆತು ಅನ್ಕೋಬ್ಯಾಡ. ಒಂದ ಕಾಡತೂಸು ಒಳಗ ಉಳದಿರತೈತಿ. ಮನಷ್ಯಾರನ್ನ ಕೊಲ್ಲೂದು ಆ ಒಂದs." ತೆರೆದು, ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿ ನೋಡಬೇಕು. ಪ್ರತಿ ಸಲ. ತುಂಬಿದೆ ಅಂತಲೇ ತಿಳಿದು ಹಿಡೀಬೇಕು. ಹೊಡೆಯುವ ಮನಸ್ಸು ಆಗೋತನಕ ಬೆರಳು ಕುದುರೆಯ ಮೇಲೆ ಹೋಗಬಾರದು. ಮೂತಿ ಯಾವತ್ತೂ ಜೀವದ ಕಡೆ ತಿರುಗಬಾರದು. ಇಷ್ಟೇ ಪಾಠ. ಆದರೆ ಇದನ್ನೇ ಅವರು ಮೂರು ವಾರ ಮಾಡಿಸಿದರು. ರೇಂಜ್‌ನಲ್ಲಿ ಮೊದಲ ಗುಂಡು ಹಾರಿಸಿದಾಗ, ಹತ್ತೇ ಹೆಜ್ಜೆ ದೂರದ ಹಲಗೆ ತಪ್ಪಿತು. ನಗಬೇಡಿ. ಹಗಲು ಬೆಳಕಲ್ಲಿ, ಯಾರೂ ಎದುರಿಲ್ಲದೆ, ಎರಡೂ ಕೈಯಲ್ಲಿ ಹಿಡಿದು, ನಿಲ್ಲದ ಹಲಗೆಯಲ್ಲ, ನಿಂತ ಹಲಗೆ ತಪ್ಪಿದವನು, ರಾತ್ರಿ ಕಬ್ಬಿನ ನಡುವೆ ಓಡುವ ಮನುಷ್ಯನಿಗೆ ಹೊಡೀತಾನಾ?

ಸೊಂಟಕ್ಕೆ ಕಟ್ಟಿಕೊಳ್ಳೋ ಕಷ್ಟ ಬೇರೆ. ನಿಯಮದ ಪ್ರಕಾರ ಹೊರಗೆ ಒಯ್ಯುವಾಗ ಅದು ಹೋಲ್ಸ್ಟರ್‌ನಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಮ್ಮ ಹಿಡಿತದಲ್ಲಿರಬೇಕು. ತೋರಿಸಿಕೊಂಡು ತಿರುಗೋದು ಅಪರಾಧ. ಹಾಗಾಗಿ ಇನ್‌ಶರ್ಟ್ ಬಿಟ್ಟೆ. ಒಂದು ಸೈಜ್ ದೊಡ್ಡ ಅಂಗಿ ಹೊಲಿಸಿದೆ. ಬೈಕ್ ಮೇಲೆ ಕೂತರೆ ಪಕ್ಕೆಗೆ ಒತ್ತುತ್ತೆ. ಅಂಗಡಿಯಲ್ಲಿ ಗೊಬ್ಬರದ ಚೀಲ ಎತ್ತಲು ಬಗ್ಗಿದರೆ ಅಂಗಿ ಮೇಲೇರುತ್ತೆ. ಬೇಸಿಗೆಯ ಬೆವರಿಗೆ ತುಕ್ಕು ಹಿಡಿಯುತ್ತೆ ಅಂತ ದಿನಾ ಒರೆಸಿ ಎಣ್ಣೆ ಹಚ್ಚಬೇಕು.

ಇನ್ನು ನಮ್ಮ ಗಡಿಯ ಕಥೆ. ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ನಿಪ್ಪಾಣಿ ದಾಟಿ ಕೊಗನೊಳ್ಳಿ ಮುಗಿದರೆ ಮಹಾರಾಷ್ಟ್ರ. ನಮಗೆ ದವಾಖಾನೆ ಕೊಲ್ಹಾಪುರ, ಬಟ್ಟೆ ಇಚಲಕರಂಜಿ, ದೇವರು ಅಂಬಾಬಾಯಿ. ಆ ಕಡೆ ಹೋಗುವಾಗಲೆಲ್ಲ ಪಿಸ್ತೂಲು ಮನೆಯ ಲಾಕರ್‌ನಲ್ಲಿ. ಹೋದವನ ಮನಸ್ಸೂ ಲಾಕರ್‌ನಲ್ಲೇ. ಕೀಲಿ ಹಾಕಿದೆನಾ? ಮಕ್ಕಳ ಕೈಗೆ ಸಿಕ್ಕರೆ? ನನ್ನನ್ನು ಕಾಯಲಿ ಅಂತ ತಂದದ್ದನ್ನು ನಾನು ಕಾಯ್ತಾ ಕೂತೆ.

ತಮಾಷೆ ಅಂದರೆ, ಲೈಸೆನ್ಸ್ ಬರೋಷ್ಟರಲ್ಲಿ ಗಲ್ಲಾದಲ್ಲಿ ನೋಟೇ ಕಡಿಮೆ ಆಗಿತ್ತು! ರೈತರೆಲ್ಲ ಫೋನ್‌ಪೇ, ಗೂಗಲ್‌ಪೇ. ನನ್ನ ಚೀಲದಲ್ಲಿ ಈಗ ಊಟದ ಡಬ್ಬಿ, ಒಂದಿಷ್ಟು ಚಿಲ್ಲರೆ. ಕಳ್ಳರ ಕೆಲಸ ಅರ್ಧ ಕಡಿಮೆ ಮಾಡಿದ್ದು ಗೋಡೆಗೆ ಅಂಟಿಸಿದ ಚೌಕುಳಿ ಚೀಟಿ. ನನ್ನ ಸಿಡಿಲಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಗೆಬರಹ ಆಗುತ್ತಿತ್ತು. ಆದರೆ ಬರೆಯಲು ಕೂತಿದ್ದು ಇದಕ್ಕಲ್ಲ.

2023ರಲ್ಲಿ ಮಳೆ ಕೈಕೊಟ್ಟು ಬರ ಬಿದ್ದಿತ್ತಲ್ಲ, ಅದರ ಬಿಸಿ 2024ರ ಫೆಬ್ರವರಿಗೆ ನಮ್ಮ ಬಾವಿಗೂ ತಟ್ಟಿತು. ಬಾವಿ ನನಗೂ ಅಣ್ಣನಿಗೂ ಕೂಡಿ ಇದೆ. ವಾಟ್ನಿ ಆದಾಗಿನಿಂದ ನೀರಿಗೆ ಪಾಳಿ. ಪಾಳಿಗೆ ಜಗಳ. ಇದು ಹೊಸದಲ್ಲ. ವರ್ಷಕ್ಕೆ ನಾಲ್ಕು ಸಲ ಬಾವಿ ದಂಡೆಯ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ ಒದರಾಡುತ್ತೇವೆ. ಅರ್ಧ ತಾಸು ಆದ ಮೇಲೆ ವೈನಿ ಚಹಾ ಕಳಿಸುತ್ತಾರೆ. ಇಬ್ಬರೂ ಅದೇ ದಂಡೆಯ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಕುಡಿಯುತ್ತೇವೆ. ಜಗಳ ಮುಗೀತು ಅಂತ ಅರ್ಥ.

ಆ ರಾತ್ರಿ ಕರೆಂಟ್ ಬಂದಿದ್ದು ತಡವಾಗಿ. ಅಂಗಡಿಯಿಂದ ನೇರ ಹೊಲಕ್ಕೆ ಬಂದಿದ್ದೆ. ಅಣ್ಣ ಮೋಟರ್ ಚಾಲೂ ಮಾಡಿ ತನ್ನ ಕಬ್ಬಿಗೆ ನೀರು ತಿರುಗಿಸಿದ್ದ.

"ಇವತ್ತ ನಂದ ಪಾಳಿ ಅಲ್ಲೇನೋ ಅಣ್ಣಾ?"

"ನಿಂದು ಮಂಗಳವಾರ ಆತು. ಏನ ಮಾತಾಡಾತಿ?"

ಶುರುವಾಯಿತು. ಅಪ್ಪನ ಕಾಲದ ಲೆಕ್ಕವೆಲ್ಲ ಬಂತು. ನಾನೂ ಬಿಡಲಿಲ್ಲ. ನಡುವೆ ಬೆಲ್ಟ್ ಪಕ್ಕೆಗೆ ಒತ್ತುತ್ತಿತ್ತು ಅಂತ, ಸಡಿಲ ಮಾಡಲು ಸೊಂಟದ ಮೇಲೆ ಕೈ ಇಟ್ಟೆ. ಅಷ್ಟೇ.

ಅಣ್ಣ ಅರ್ಧ ಮಾತಿಗೆ ನಿಂತ. ಬ್ಯಾಟರಿ ಬೆಳಕಲ್ಲಿ ಅವನ ಕಣ್ಣು ನನ್ನ ಮುಖದ ಮೇಲಿಂದ ಕೆಳಗಿಳಿದು ಸೊಂಟದ ಮೇಲೆ ನಿಂತದ್ದನ್ನು ನೋಡಿದೆ. ಆಮೇಲೆ ಬಹಳ ಮೆತ್ತಗೆ ಅಂದ: "ಆತ ತಗೋ ತಮ್ಮಾ. ನೀನs ಹರಿಸ್ಕೋ."

ನೀರು ತಿರುಗಿಸಿ ಹೋಗಿಬಿಟ್ಟ. ಚಹಾ ಬರಲಿಲ್ಲ.

ನಾನು ಕರೆದು ಹೇಳಬಹುದಿತ್ತು, ಹಾಗಲ್ಲ ಅಣ್ಣಾ, ಬೆಲ್ಟ್ ಅಂತ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಸುಳ್ಳು ಹೇಳೋದಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಗೆದ್ದೆ ಅನ್ನಿಸಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಅಣ್ಣ ನನ್ನೆದುರು ಸೋತಿದ್ದ. ಆ ಖುಷಿ ನೆನೆದರೆ ಈಗಲೂ ಮೈ ಮುಳ್ಳೇಳುತ್ತೆ. ಕಬ್ಬಿನ ನಡುವೆ ಕುಡಗೋಲು ತೋರಿಸಿದವನಿಗೂ ಅದೇ ಖುಷಿ ಆಗಿರಬೇಕಲ್ಲವೇ?

ಆಮೇಲೆ ಅಣ್ಣ ಜಗಳ ಆಡಲೇ ಇಲ್ಲ. ಕೇಳಿದ ಪಾಳಿ ಬಿಟ್ಟುಕೊಟ್ಟ. ಸಂಜೆ ನಮ್ಮ ಪಡಸಾಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದ ಅವನ ಮಗ ಬರೋದು ನಿಲ್ಲಿಸಿದ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. ಹುಡುಗ ನೆಲ ನೋಡುತ್ತಾ, "ಕಾಕಾನ ಮನ್ಯಾಗ ಅದು ಐತಿ, ಹೋಗಬ್ಯಾಡ ಅಂದಾಳ ಅವ್ವ" ಅಂದ.

ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯ್ತು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರು ಬಂದೂಕು ಠಾಣೆಗೆ ಜಮಾ ಮಾಡೋದು ನಮ್ಮಲ್ಲಿ ರೂಢಿ. ನಾನೂ ಕೊಟ್ಟು ರಸೀತಿ ತಗೊಂಡೆ. ಬಹಳ ಜನ ಗೊಣಗುತ್ತಾರೆ. ನನಗೆ ಮಾತ್ರ ಅವತ್ತು ರಾತ್ರಿ ಗಡದ್ದು ನಿದ್ದೆ. ಜೂನ್ 4ಕ್ಕೆ ಫಲಿತಾಂಶ ಬಂದು, ಮುಂದೆ ವಾಪಸ್ ಒಯ್ಯಿರಿ ಅಂತ ಕರೆ ಬಂದಾಗ "ಇನ್ನೊಂದಿಷ್ಟು ದಿನ ಇರಲಿ ಬಿಡ್ರಿ ಸಾಹೇಬ್ರ" ಅಂತ ಬಾಯಿಗೆ ಬಂದಿತ್ತು.

ಇಷ್ಟು ಅನುಭವದ ಮೇಲೆ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು.

ಆಯುಧ ಇಟ್ಟುಕೊಳ್ಳೋದೇ ಪಾಪ ಅಂತ ನಾನು ಹೇಳೋದಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಒಪ್ಪದೆ ನಿಂತು ಊರೇ ಸುಟ್ಟುಕೊಂಡ ಹಲಗಲಿಯ ಬೇಡರು ನಮ್ಮ ಸೀಮೆಯವರೇ. ಅವರ ಲಾವಣಿ ಶಾಲೆಯಲ್ಲಿ ಓದಿ ಬೆಳೆದವರು ನಾವು. ಕೊಡಗಿನವರಿಗೆ ಕೋವಿಗೆ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ ಇದೆ, 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಅದೂ ಸರಿಯೇ. ಆದರೆ ಹಲಗಲಿಯವರ ಆಯುಧ ಬೇಟೆಯದು, ಬದುಕಿನದು. ಕೊಡವರ ಕೋವಿ ಕೈಲ್‌ಪೋದ್ ದಿನ ಎಲ್ಲರೆದುರು ಹೂ ಮುಡಿಸಿಕೊಂಡು ಕೂರುತ್ತೆ. ಇಡೀ ಊರಿಗೆ ಗೊತ್ತಿರುವ, ಊರಿನ ಕಟ್ಟಳೆಯೊಳಗಿರುವ ಆಯುಧ ಅದು. ಅಂಗಿಯ ಒಳಗೆ ಒಬ್ಬನೇ ಬಚ್ಚಿಟ್ಟುಕೊಂಡು ತಿರುಗೋದು ಬೇರೆಯೇ ಜಾತಿ. ಬಚ್ಚಿಟ್ಟರೂ ಅದು ಬಚ್ಚಿಟ್ಟುಕೊಳ್ಳೋದಿಲ್ಲ. ಸಣ್ಣ ಊರಲ್ಲಿ ಯಾರ ಸೊಂಟದಲ್ಲಿ ಏನಿದೆ ಅಂತ ಎಲ್ಲರಿಗೂ ಗೊತ್ತು. ನಾನು ಏನೇ ಮಾತಾಡಿದರೂ ನನ್ನ ಜೊತೆ ಅದೂ ಮಾತಾಡುತ್ತೆ.

ರಕ್ಷಣೆ ಅಂತೀರಾ? ನನ್ನ ಪಿಸ್ತೂಲಿನ ಗುಂಡು 7.65 ಮಿ.ಮೀ. ಬಹಳ ಸಣ್ಣದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಕಲಬುರ್ಗಿ ಸರ್ ಅವರನ್ನೂ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಲ್ಲಿ ಗೌರಿ ಲಂಕೇಶ್ ಅವರನ್ನೂ ಕೊಂದಿದ್ದು 7.65 ಮಿ.ಮೀ.ನ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತ್ತು. ಇಬ್ಬರೂ ತಮ್ಮ ತಮ್ಮ ಮನೆಬಾಗಿಲಲ್ಲೇ ಬಿದ್ದರು. ಬಾಗಿಲಿಗೆ ಬಂದವನು ಕೊಲ್ಲಲೆಂದೇ ಬಂದಿದ್ದಾನೆ ಅಂತ ಗೊತ್ತಾಗುವ ಹೊತ್ತಿಗೆ ಮುಗಿದಿರುತ್ತೆ. ಒಳಗಿನ ಕಪಾಟಿನಲ್ಲಿ ಪಿಸ್ತೂಲು ಇದ್ದರೆ ಏನು ಬಂತು? ಕಾನೂನು ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ, ನಿಜ. ಐಪಿಸಿ ಇದ್ದಾಗಲೂ ಇತ್ತು, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಎಷ್ಟು ಬೇಕೋ ಅಷ್ಟೇ. ನನ್ನ ಚೀಲ ಕಿತ್ತುಕೊಂಡು ಬೆನ್ನು ತೋರಿಸಿ ಓಡುವವನಿಗೆ ಹೊಡೆದರೆ ಕಟಕಟೆಯಲ್ಲಿ ನಿಲ್ಲೋನು ನಾನೇ ಆಗಬಹುದು. ಅವತ್ತು ನನ್ನ ಬಳಿ ಪಿಸ್ತೂಲು ಇದ್ದಿದ್ದರೆ? ಪ್ರಾಮಾಣಿಕವಾಗಿ ಹೇಳ್ತೀನಿ, ಚೀಲದ ಜೊತೆ ಪಿಸ್ತೂಲೂ ಹೋಗ್ತಿತ್ತು. ಇಲ್ಲ ಒಂದು ಹೆಣ ಬೀಳ್ತಿತ್ತು. ಹೋಗಿದ್ದು ಒಂದು ದಿನದ ಗಲ್ಲಾ.

ಇನ್ನೊಂದು ಮಾತು, ಔಷಧಿ ಅಂಗಡಿಯವನಾಗಿ. ಸಾಲ ತಲೆ ಮೇಲೇರಿದ ರೈತನ ಮುಖ ನನಗೆ ಗೊತ್ತು. ಅಂಥವರಿಗೆ ಕೀಟನಾಶಕ ಕೊಡದೆ "ನಾಳೆ ಬಾ ಕಾಕಾ, ಸ್ಟಾಕಿಲ್ಲ" ಅಂದು ಚಹಾ ಕುಡಿಸಿ ಕಳಿಸಿದ್ದಿದೆ. ಯಾಕಂದರೆ ಆ ಕೆಟ್ಟ ಗಳಿಗೆ ದಾಟಿದರೆ ಮನುಷ್ಯ ಉಳೀತಾನೆ. ಕೈಗೆ ಸಿಗುವ ದೂರದಲ್ಲಿ ಏನಿದೆ ಅನ್ನೋದೇ ಎಷ್ಟೋ ಸಲ ಜೀವ ಮರಣ ನಿರ್ಧಾರ ಮಾಡುತ್ತೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕೈಯಿಂದಲೇ ಸಾಯುವವರು. ಕಳ್ಳರಿಗೆ ಅಂತ ತಂದದ್ದು ಮನೆಯವರಿಗೇ ತಿರುಗುವ ಲೆಕ್ಕ ಇದು. ಇದನ್ನು ಓದಿದ ದಿನ ಲಾಕರ್ ಕೀಲಿ ಹೆಂಡತಿಯ ಕೈಗೆ ಕೊಟ್ಟೆ.

ಹಾಗಾದರೆ ಏನು ಮಾಡಬೇಕು? ಕಾನೂನು "ನಿನಗೆ ಯಾಕೆ ಬೇಕು" ಅಂತ ಕೇಳುತ್ತೆ. "ನಿನ್ನ ಜೊತೆ ಇರುವವರಿಗೆ ಇದು ಬೇಕಾ" ಅಂತ ಕೇಳೋದಿಲ್ಲ. ಕೆನಡಾದಲ್ಲಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದರೆ ಹೆಂಡತಿಯ ಅಥವಾ ಗಂಡನ ಸಹಿ ಕೇಳುತ್ತಾರೆ, ಇಲ್ಲದಿದ್ದರೆ ಅವರಿಗೆ ತಿಳಿಸುತ್ತಾರೆ. ನಮ್ಮಲ್ಲೂ ಮನೆಯವರನ್ನು ಕೂರಿಸಿ ಕೇಳಲಿ. ಹೆಂಡತಿಯನ್ನು, ಬಾವಿಯ ಪಾಲುದಾರನನ್ನು. ನನ್ನ ಅಣ್ಣನನ್ನು ಯಾರಾದರೂ ಕೇಳಿದ್ದರೆ? ತರಬೇತಿಯಲ್ಲಿ ಹೊಡೆಯೋದು, ಒರೆಸೋದರ ಜೊತೆಗೆ, ಜಗಳ ಶುರುವಾದರೆ ಅದನ್ನು ಎಲ್ಲಿಡಬೇಕು ಅನ್ನೋ ಪಾಠವೂ ಇರಲಿ.

ಅವ್ವ ಇದನ್ನೆಲ್ಲ ಒಂದೇ ಮಾತಲ್ಲಿ ಹೇಳಿದ್ದಳು. ಆ ವರ್ಷದ ಖಂಡೆ ಪೂಜೆಗೆ ಕುಡಗೋಲು, ಕೊಡಲಿ, ಕುರಪಿ, ತಕ್ಕಡಿ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದೆವು. ಖಾಲಿ ಮಾಡಿ, ಮೂರು ಸಲ ನೋಡಿ, ಪಿಸ್ತೂಲನ್ನೂ ಪಕ್ಕದಲ್ಲಿಟ್ಟೆ. ಅವ್ವ ಎಲ್ಲದಕ್ಕೂ ಕುಂಕುಮ ಹಚ್ಚುತ್ತಾ ಬಂದು ಅದರ ಮುಂದೆ ನಿಂತಳು. "ಕುಡಗೋಲ ಅನ್ನಾ ಕೊಡತೈತಿ. ತಕ್ಕಡಿ ಅನ್ನಾ ಕೊಡತೈತಿ. ಇದೇನ ಕೊಡತೈತಿ?" ಅಂದಳು. ಹಚ್ಚಲಿಲ್ಲ.

ಮರುದಿನ ಬನ್ನಿ. ಪಾಂಡವರು ಆಯುಧಗಳನ್ನು ಬನ್ನಿ ಗಿಡದ ಮೇಲೆ ಇಟ್ಟು ವಿರಾಟನ ಮನೆಗೆ ಹೋದರು ಅಂತ ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಅವತ್ತು ನಾನು ಪಿಸ್ತೂಲು ಲಾಕರ್‌ನಲ್ಲಿಟ್ಟು, ಎಷ್ಟೋ ತಿಂಗಳ ನಂತರ ಅಂಗಿ ಇನ್‌ಶರ್ಟ್ ಮಾಡಿಕೊಂಡು, ಬೆಲ್ಟ್ ಕಾಣುವ ಹಾಗೆ ಅಣ್ಣನ ಮನೆಗೆ ಹೋದೆ. ಅಣ್ಣ ಬಾಗಿಲಿಗೆ ಬಂದ. ಮೊದಲು ಸೊಂಟ ನೋಡಿದ. ಆಮೇಲೆ ಮುಖ ನೋಡಿದ. ನಾನು ಬನ್ನಿ ಕೊಟ್ಟು ಕಾಲಿಗೆ ಬಿದ್ದೆ.

"ಬಂಗಾರಧಾಂಗ ಇರೂಣ," ಅಂದೆ.

"ಇರೂಣ," ಅಂದ. ವೈನಿ ಚಹಾ ತಂದರು.

ಎಲ್ಲ ಸರಿಹೋಯ್ತು ಅಂತ ಹೇಳಲಾರೆ. ಹುಡುಗ ಲೆಕ್ಕದ ಪುಸ್ತಕ ಹಿಡಿದು ಬರೋಕೆ ಇನ್ನೂ ಒಂದು ತಿಂಗಳು ಹಿಡೀತು. ಪಿಸ್ತೂಲು ಈಗ ಮನೆಯಲ್ಲಿಲ್ಲ. ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಟ್ಟಿದ್ದೇನೆ, ಗಿರಾಕಿ ಬಂದರೆ ಕಾಯ್ದೆ ಪ್ರಕಾರ ಮಾರಿಬಿಡ್ತೀನಿ. ಆ ತಿರುವಿನಲ್ಲಿ ಈಗಲೂ ಕೈ ಬೆವರುತ್ತೆ. ಅದಕ್ಕೆ ಅಂಗಡಿ ಒಂದು ತಾಸು ಮೊದಲೇ ಮುಚ್ಚಿ, ಊರಿನ ಇನ್ನಿಬ್ಬರ ಜೊತೆ ಬರ್ತೀನಿ. ಮೂರು ಬೈಕು, ಮೂರು ದೀಪ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬಂದೂಕು ಇದ್ದರೆ, ಇಟ್ಟವರ ಮಾತಿಗಿಂತ ಆ ಮನೆಯ ಬೇರೆಯವರ ಮಾತು ಕೇಳುವ ಆಸೆ ನನಗೆ. ಬರೀತೀರಲ್ಲ?